ಮಗಳ ಸಂಗಾತಿಯಲ್ಲಿ ನಾನು ಗುರುತಿಸಿದ ಎಚ್ಚರಿಕೆಯ ಲಕ್ಷಣಗಳು

ಬೆಳೆದ ಮಗಳು ತಾನೇ ಮೆಚ್ಚಿ ಆರಿಸಿಕೊಂಡವನ ಬಗ್ಗೆ ಹೆತ್ತವರಿಗೆ ಅನುಮಾನ ಹುಟ್ಟಿದರೆ, ಆತ ನಮಗೆ ಹಿಡಿಸಲಿಲ್ಲವೋ ಅಥವಾ ಅವನ ಜೊತೆಯಲ್ಲಿ ನಮ್ಮ ಮಗಳೇ ಕುಗ್ಗುತ್ತಿದ್ದಾಳೋ ಎಂಬುದನ್ನು ಮೊದಲು ಬೇರ್ಪಡಿಸಿ ನೋಡಬೇಕು. ಅವನ ಉದ್ಯೋಗ, ಉಡುಗೆ, ಮಾತಿನ ಧಾಟಿ ನನ್ನ ಅಭಿರುಚಿಯ ವಿಷಯಗಳೆಂದು ಬದಿಗಿಟ್ಟು, ನಾನು ಮಗಳನ್ನೇ ಗಮನಿಸತೊಡಗಿದೆ.

ನಮ್ಮೆದುರು ಆತ ಬಹಳ ಸೌಜನ್ಯದಿಂದ ನಡೆದುಕೊಳ್ಳುತ್ತಿದ್ದ. ಆದರೆ "ಇವತ್ತು ಇಲ್ಲೇ ಉಳಿದುಕೊಳ್ತೀಯೇನಮ್ಮಾ?" ಎಂದು ನಾನು ಕೇಳಿದರೆ, ಉತ್ತರ ಬರುವ ಮೊದಲೇ ಅವಳ ಕಣ್ಣು ಅವನ ಮುಖದತ್ತ ಹೊರಳುತ್ತಿತ್ತು. ಒಬ್ಬಳೇ ಬಂದಾಗಲೂ ಫೋನು ಕೈಬಿಡುತ್ತಿರಲಿಲ್ಲ. ಕರೆ ಬಂದೊಡನೆ ಎತ್ತಿ, ಎಲ್ಲಿದ್ದೇನೆ, ಯಾರಿದ್ದಾರೆ, ಎಷ್ಟು ಹೊತ್ತಿಗೆ ಹೊರಡುತ್ತೇನೆ ಎಂದು ವರದಿ ಒಪ್ಪಿಸುತ್ತಿದ್ದಳು. ಹಳೆಯ ಗೆಳತಿಯರ ಹೆಸರು ಅವಳ ಮಾತಿನಲ್ಲಿ ಸುಳಿಯುವುದೇ ನಿಂತಿತು. ಸಂಬಳದ ಖಾತೆಯ ಪಾಸ್‌ವರ್ಡ್ ಅವನ ಬಳಿಯಿತ್ತು. ಒಂದೊಂದನ್ನೂ ಬಿಡಿಯಾಗಿ ನೋಡಿದರೆ ಕಾಳಜಿ ಎನ್ನಬಹುದಾದ ಇವೆಲ್ಲ ಒಟ್ಟುಗೂಡಿದಾಗ ಹಿಡಿತವಾಗುತ್ತವೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2015ರ ಕಾನೂನು, ಹೊಡೆತವಿಲ್ಲದಿದ್ದರೂ ಇಂಥ ನಿರಂತರ ನಿಯಂತ್ರಣವನ್ನೇ ಅಪರಾಧವೆಂದು ಪರಿಗಣಿಸಿದೆ ಎಂದು ತಿಳಿದಾಗ, ನನ್ನ ಕಳವಳ ಅತಿಯಾದದ್ದಲ್ಲ ಎಂಬ ಧೈರ್ಯ ಬಂತು.

"ಅವನು ಒಳ್ಳೆಯವನಲ್ಲ" ಎಂಬ ಮಾತನ್ನು ನಾನು ಎಂದೂ ಆಡಲಿಲ್ಲ. ಆಡಿದ್ದರೆ ಅವನ ಪರ ವಾದಿಸುವ ಹೊಣೆ ಅವಳ ಮೇಲೆ ಬೀಳುತ್ತಿತ್ತು ಮತ್ತು ಅವಳು ನಮ್ಮಿಂದ ದೂರವಾಗುವುದು ಅವನಿಗೇ ಅನುಕೂಲವಾಗುತ್ತಿತ್ತು. ಬದಲಿಗೆ, ಇಬ್ಬರೇ ಇದ್ದಾಗ, ಕಂಡದ್ದನ್ನಷ್ಟೇ ಹೇಳುತ್ತಿದ್ದೆ: "ಫೋನ್ ಬಂದ್ರೆ ನಿನ್ನ ಮುಖ ಬಾಡುತ್ತೆ ಮಗಳೇ, ಯಾಕೆ?" ಉತ್ತರಕ್ಕೆ ಒತ್ತಾಯಿಸುತ್ತಿರಲಿಲ್ಲ. ಅವನು ಓದಬಹುದಾದ್ದರಿಂದ ಇಂಥದ್ದೇನನ್ನೂ ಸಂದೇಶದಲ್ಲಿ ಬರೆಯಲಿಲ್ಲ.

ತಿಂಗಳುಗಳ ನಂತರ, ಹೊರಬರಬೇಕೆಂದು ಅವಳೇ ಹೇಳಿದಳು. ಬಿಟ್ಟು ಹೊರಡುವ ಹೊತ್ತೇ ಹೆಚ್ಚು ಅಪಾಯದ್ದಾಗಿರುವುದರಿಂದ, ಇಂಥ ಪ್ರಕರಣಗಳನ್ನು ಬಲ್ಲ ಆಪ್ತಸಮಾಲೋಚಕಿಯೊಬ್ಬರ ಸಲಹೆಯಂತೆ ಮೊದಲು ದಾಖಲೆಪತ್ರಗಳನ್ನು ನಮ್ಮಲ್ಲಿಗೆ ತಂದೆವು. ಪಾಸ್‌ವರ್ಡ್ ಬದಲಾದರೆ ಅವನಿಗೆ ಸುಳಿವು ಸಿಗುತ್ತದೆಂದು, ಆ ಕೆಲಸವನ್ನು ಅವಳು ನಮ್ಮ ಮನೆ ಸೇರಿದ ಮೇಲೆಯೇ, ನನ್ನ ಫೋನಿನಿಂದ ಮಾಡಿದಳು.