ಡೈನಮೊ ಇಳಿಸಿ ಆಲ್ಟರ್ನೇಟರ್ ಕೂರಿಸಿದ್ದು: ಹಳೆಯ ಮ್ಯಾಸಿ, ನನ್ನ ಅನುಭವ

ಹಳೆಯ ಮ್ಯಾಸಿ ಫರ್ಗುಸನ್ ಟ್ರ್ಯಾಕ್ಟರಿನ ಡೈನಮೊ ತೆಗೆದು ಕಾರಿನ ಆಲ್ಟರ್ನೇಟರ್ ಹಾಕಲು (ಎರಡೂ ಇಂಜಿನ್ನಿನಿಂದ ತಿರುಗಿ ಬ್ಯಾಟರಿ ಚಾರ್ಜ್ ಮಾಡುವವೇ) ಆಗುವುದಿಲ್ಲ ಎಂದವರೇ ಹೆಚ್ಚು. ಪುಣೆಯ ನಾನಾ ಪೇಠೆಯ ಅಂಗಡಿಯವರಿಂದ ಹಿಡಿದು ಲೋಣಿ ಕಾಳಭೋರದ ಮಿಸ್ತ್ರಿಗಳ ತನಕ ಎಲ್ಲರದೂ ಒಂದೇ ಮಾತು: ಕಾರಿನ ಆಲ್ಟರ್ನೇಟರ್ ಟ್ರ್ಯಾಕ್ಟರಿನ ಅದುರಾಟಕ್ಕೆ, ಧೂಳಿಗೆ ತಡೆಯುವುದಿಲ್ಲ, ತಿಂಗಳೊಳಗೆ ಕೈಕೊಡುತ್ತದೆ. ಕೊನೆಗೆ ಸರಿಯಾಗಿ ಕೂತ ಮೇಲೆ ಈಗ ಎರಡು ಕಬ್ಬಿನ ಹಂಗಾಮು ಮುಗಿದಿವೆ. ಒಂದು ಬೆಲ್ಟ್ ಬದಲಿಸಿದ್ದು ಬಿಟ್ಟರೆ ಅದಕ್ಕೆ ಪಾನಾ ಮುಟ್ಟಿಸಿಲ್ಲ.

ಸೋಲಾಪುರ ರಸ್ತೆಗುಂಟ ಕಬ್ಬು ಎಳೆಯುವ ಗಾಡಿಗಳಲ್ಲಿ ನಮ್ಮ ವಿಜಯಪುರ, ಕಲಬುರಗಿ ಕಡೆಯ ಡ್ರೈವರುಗಳು ಬಹಳ. ಅವರ ತಕರಾರು ನಿಮಗೂ ಗೊತ್ತಿರುವುದೇ. ರಾತ್ರಿ ಕಾರ್ಖಾನೆಯ ಸಾಲಿನಲ್ಲಿ ಹತ್ತು ಹೆಜ್ಜೆ ಮುಂದೆ, ಬಂದ್, ಮತ್ತೆ ಸೆಲ್ಫ್. ನಾಲ್ಕನೇ ಸಲಕ್ಕೆ ಬ್ಯಾಟರಿ ಡೌನ್. ಡೈನಮೊ ಕೆಟ್ಟಿದೆ ಎಂದು ಎರಡು ಸಲ ಆರ್ಮೇಚರ್ (ಒಳಗೆ ತಿರುಗುವ ತಾಮ್ರದ ಸುರುಳಿ) ಕಟ್ಟಿಸಿ ನಾಲ್ಕು ಸಾವಿರದ ಹತ್ತಿರ ಸುರಿದದ್ದಾಯಿತು. ಡೈನಮೊ ಕೆಟ್ಟಿರಲೇ ಇಲ್ಲ. 22 ಆಂಪಿಯರಿನ ಡೈನಮೊ ಇಂಜಿನ್ ಏರಿದಾಗ ಸರಿಯಾಗಿಯೇ ಕೊಡುತ್ತದೆ. ಐಡಲ್‌ನಲ್ಲಿ (ರೇಸ್ ಕೊಡದೆ ಇಂಜಿನ್ ನಿಧಾನಕ್ಕೆ ತಿರುಗುವಾಗ) ಕಟೌಟ್, ಅಂದರೆ ಡೈನಮೊವನ್ನು ಬ್ಯಾಟರಿಗೆ ಸೇರಿಸುವ ಸ್ವಿಚ್ಚು, ಬಿಟ್ಟುಕೊಂಡು ಒಂದು ಆಂಪಿಯರೂ ಕೊಡುವುದಿಲ್ಲ. ಎರಡು ಹೆಡ್‌ಲೈಟು, ಹಿಂದಿನ ದೀಪ, ಟ್ರಾಲಿಯ ದೀಪ ಸೇರಿ 15-16 ಆಂಪಿಯರ್ ಬ್ಯಾಟರಿಯಿಂದಲೇ ಹೋಗುತ್ತಿರುತ್ತದೆ. ಹಾಗಾಗಿ ಈ ಕೆಲಸದಲ್ಲಿ ನೋಡಬೇಕಾದದ್ದು ಒಂದೇ: ಐಡಲ್‌ನಲ್ಲಿ ಚಾರ್ಜ್ ಬರಬೇಕು.

ಆಲ್ಟರ್ನೇಟರ್ ತಂದದ್ದು ಪುಣೆಯ ಹಳೆ ಸಾಮಾನಿನ ಸಂತೆ ಜುನಾ ಬಾಜಾರಿನಿಂದ. ಸಣ್ಣ ಪೆಟ್ರೋಲ್ ಕಾರಿನದು, 45 ಆಂಪಿಯರ್, ವೋಲ್ಟೇಜ್ ಹದದಲ್ಲಿಡುವ ರೆಗ್ಯುಲೇಟರ್ ಒಳಗೇ ಇರುವುದು, ಬೆಲೆ ಸುಮಾರು 1,300. ಡೀಸೆಲ್ ಗಾಡಿಯದು ಅಗ್ಗಕ್ಕೆ ಸಿಗುತ್ತದೆ, ಆದರೆ ಅದರ ಬೆನ್ನಿಗೆ ಬ್ರೇಕಿನ ವ್ಯಾಕ್ಯೂಮ್ ಪಂಪ್ ಅಂಟಿಕೊಂಡಿದ್ದರೆ ಅದಕ್ಕೆ ಆಯಿಲ್ ಲೈನ್ ಬೇಕು. ಅದನ್ನು ಮುಟ್ಟಬೇಡಿ.

ಮೊದಲನೆಯದು ಒಂದೇ ಕ್ಷಣದಲ್ಲಿ ಸುಟ್ಟಿತು. ಈ ಗಾಡಿಯಲ್ಲಿ ಮೈನಸ್ ಬದಲು ಬ್ಯಾಟರಿಯ ಪ್ಲಸ್ ತಂತಿ ಗಾಡಿಯ ಬಾಡಿಗೆ (ಲೋಹದ ಮೈಗೆ) ಸೇರಿತ್ತು, ನೋಡದೆ ಜೋಡಿಸಿದ್ದೆ. ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಳಗಿನ ಡಯೋಡ್ ಅಷ್ಟೂ ಶಾರ್ಟ್, ವೈರಿನ ಸ್ಲೀವ್ ಕರಗಿ ಹೊಗೆ. 1,300 ರೂಪಾಯಿ ನೀರಿಗೆ. ಹಳೆಯ ಗಾಡಿ ಎಂದ ಮೇಲೆ ಯಾವ ತಂತಿ ಬಾಡಿಗೆ ಹೋಗಿದೆ ಎಂದು ಕಣ್ಣಾರೆ ನೋಡದೆ ಬೋಲ್ಟ್ ಬಿಚ್ಚಬೇಡಿ. ಪ್ಲಸ್ ಬಾಡಿ ಇದ್ದರೆ ಬ್ಯಾಟರಿ ತಿರುಗಿಸಿ ಇಡಬೇಕು. ಬ್ಯಾಟರಿಯ ಪ್ಲಸ್ ಕಂಬ (ಟರ್ಮಿನಲ್) ಮೈನಸ್‌ಗಿಂತ ದಪ್ಪ, ಆದ್ದರಿಂದ ಕ್ಲಾಂಪ್‌ಗಳನ್ನೂ ಬದಲಿಸಬೇಕು. ಸಡಿಲ ಕ್ಲಾಂಪಿಗೆ ತಗಡು ತುರುಕಿದರೆ ಸೆಲ್ಫ್ ಹೊಡೆದಾಗ ಅಲ್ಲೇ ಬಿಸಿಯಾಗುತ್ತದೆ. ಸೆಲ್ಫ್ ಉಲ್ಟಾ ತಿರುಗುತ್ತದೆ ಎಂದು ಹೆದರಿಸುವವರಿದ್ದಾರೆ. ಇಲ್ಲ, ಅದರ ಫೀಲ್ಡ್ (ಸ್ಥಿರ ಸುರುಳಿ) ಮತ್ತು ಆರ್ಮೇಚರ್ ಎರಡರಲ್ಲೂ ಕರೆಂಟ್ ಒಟ್ಟಿಗೇ ತಿರುಗುವುದರಿಂದ ಅದು ಮೊದಲಿನ ದಿಕ್ಕಿಗೇ ತಿರುಗುತ್ತದೆ. ಬಲ್ಬು, ಹಾರ್ನಿಗೂ ತೊಂದರೆ ಇಲ್ಲ. ಹಾಡಿನ ಟೇಪ್ ಹಾಕಿಸಿದ್ದರೆ ಮಾತ್ರ ಅದನ್ನು ಮೊದಲು ಕಿತ್ತಿಡಿ.

ಎರಡನೆಯದರ ತೊಂದರೆ ಬ್ರಾಕೆಟ್. ಡೈನಮೊ ಉದ್ದದ ಪದಾರ್ಥ, ಹಿಂದೆ ಮುಂದೆ ಎರಡೂ ಕಡೆ ಹಿಡಿತ. ಆಲ್ಟರ್ನೇಟರಿನ ಕಾಲು ಗಿಡ್ಡ. 5 ಎಂಎಂ ಪಟ್ಟಿಗೆ ಒಂದೇ ಕಿವಿ ವೆಲ್ಡ್ ಮಾಡಿ ತೂಗುಹಾಕಿದ್ದೆ. ಮೂವತ್ತು ಗಂಟೆ ಓಡಿರಬೇಕು, ವೆಲ್ಡಿನ ಅಂಚಿಗೇ ಕೂದಲೆಳೆಯ ಬಿರುಕು ಬಂದು ಪಟ್ಟಿ ಮುರಿಯಿತು. ಮೂರು ಸಿಲಿಂಡರಿನ ಐಡಲ್ ಅದುರಾಟ ಅಂಥದ್ದು. ಈಗಿರುವುದು 10 ಎಂಎಂ ಪ್ಲೇಟು, ಎರಡು ಕಿವಿ, ಮಧ್ಯೆ ಒಂದು ತ್ರಿಕೋನದ ಆಸರೆ. ಉದ್ದನೆಯ ಒಂದೇ ಎಂ10 (10 ಎಂಎಂ) ಬೋಲ್ಟು ಎರಡೂ ಕಿವಿಯ ಮೂಲಕ ಹೋಗುತ್ತದೆ, ಉಳಿದ ಸಂದಿಗೆ ಲೇತಿನಲ್ಲಿ ಅಳತೆಗೆ ಕತ್ತರಿಸಿದ ಪೈಪಿನ ತುಂಡು. ಆ ತುಂಡಿನ ಎರಡೂ ಮುಖ ಓರೆಯಿಲ್ಲದೆ ಪೈಪಿನ ಉದ್ದಕ್ಕೆ ಲಂಬವಾಗಿರಬೇಕು. ಅರ್ಧ ಎಂಎಂ ಸಂದಿ ಬಿಟ್ಟು ಬೋಲ್ಟು ಬಿಗಿದೇ ಮುಚ್ಚುತ್ತೇನೆ ಎಂದು ಹೊರಟರೆ ಅಲ್ಯುಮಿನಿಯಂ ಕಾಲು ಟಪ್ ಎನ್ನುತ್ತದೆ. ಎರಡು ಪುಲ್ಲಿಯ ಗೆರೆ ಸರಳರೇಖೆಗೆ ತರಲು ವಾಷರ್ ಸೇರಿಸುವುದು ಎಲ್ಲರಿಗೂ ಗೊತ್ತು, 1-2 ಎಂಎಂ ಒಳಗೆ ಇರಲಿ. ವಾಷರ್ ಇಲ್ಲದೆ ಒಂದೇ ಸಲಕ್ಕೆ ಕೂರಿಸುವ ಉಪಾಯವೊಂದನ್ನು ಕಂಡುಕೊಂಡಿದ್ದೇನೆ, ಅದು ಸದ್ಯ ನನ್ನ ಹತ್ತಿರವೇ ಇರಲಿ.

ಪುಲ್ಲಿಯ ವಿಷಯದಲ್ಲಿ ಮೂರು ಸಲ ತಿರುಗಾಡಿದೆ. ಕಾರಿನ ಪುಲ್ಲಿ ಚಪ್ಪಟೆ ಬೆಲ್ಟಿನದು, ನಮ್ಮದು ವಿ ಬೆಲ್ಟು. ಡೈನಮೊದ ಪುಲ್ಲಿಯನ್ನೇ ಹಾಕಿದೆ, ಅದು ಸುಮಾರು ಮೂರೂವರೆ ಇಂಚು. ಅದನ್ನು ತಿರುಗಿಸುವ ಇಂಜಿನ್ನಿನ ಕ್ರ್ಯಾಂಕಿನ ಪುಲ್ಲಿ ಆರು ಇಂಚಿನ ಆಸುಪಾಸು. ಐಡಲ್ ನಿಮಿಷಕ್ಕೆ 700 ಸುತ್ತು ಎಂದರೆ ಆಲ್ಟರ್ನೇಟರ್ ತಿರುಗುವುದು 1,200 ಅಷ್ಟೇ, ಚಾರ್ಜಿಂಗ್ ಲೈಟು ಮಿಣುಕುತ್ತಲೇ ಇತ್ತು. ಸಿಟ್ಟಿನಲ್ಲಿ ಎರಡು ಇಂಚಿನದು ಮಾಡಿಸಿದೆ. ಪುಲ್ಲಿಗೆ ಬೆಲ್ಟು ಸುತ್ತಿಕೊಳ್ಳುವ ಭಾಗ ಕಡಿಮೆಯಾಗಿ ಲೈಟು ಹಾಕಿದ ಕೂಡಲೇ ಬೆಲ್ಟು ಕಿರಗುಟ್ಟಿ ಜಾರಿತು, ವಾರದಲ್ಲಿ ಬೆಲ್ಟಿನ ಬದಿ ಗಾಜಿನ ಹಾಗೆ ನುಣುಪಾಯಿತು. ಕೊನೆಗೆ ಎರಡೂವರೆ ಇಂಚಿಗೆ ನಿಂತಿತು: ಐಡಲ್‌ನಲ್ಲಿ ಸುಮಾರು 1,700, ಪೂರ್ತಿ ಎಳೆದರೆ ಐದು ಸಾವಿರದ ಮೇಲೆ, ಅದು ಆಲ್ಟರ್ನೇಟರಿಗೆ ಏನೂ ಅಲ್ಲ. ಲೇತಿನವ ಬುಶ್ ಸಮೇತ 250 ತೆಗೆದುಕೊಂಡ. ಬೆಲ್ಟು ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಅರ್ಧ ಇಂಚು ಒಳಹೋಗಬೇಕು.

ವೈರಿಂಗ್‌ನಲ್ಲಿ ಹಳೆಯ ರೆಗ್ಯುಲೇಟರ್ ಡಬ್ಬಿ, ಅದರ ಡಿ ಮತ್ತು ಎಫ್ ತಂತಿ ಎಲ್ಲ ತೆಗೆದುಹಾಕಿದೆ. ಹಳೆಯ ತಂತಿಯನ್ನೇ ಆಲ್ಟರ್ನೇಟರಿನ ಕರೆಂಟ್ ಹೊರಬರುವ ಬೋಲ್ಟಾದ ಬಿ ಪ್ಲಸ್‌ಗೆ ಜೋಡಿಸಿದರೆ ಸಾಕಲ್ಲವೇ ಎಂದು ಕೇಳುವವರಿಗೆ: ಸಾಲದು, ಬಿಸಿಯಾಗುತ್ತದೆ. 10 ಚದರ ಎಂಎಂ ತಾಮ್ರದ ವೈರು ಬಿ ಪ್ಲಸ್‌ನಿಂದ ಸೀದಾ ಸೆಲ್ಫಿನ ಬ್ಯಾಟರಿ ಬೋಲ್ಟಿಗೆ, ಮಧ್ಯೆ 60 ಆಂಪಿಯರ್ ಫ್ಯೂಸು. ವೈರಿನ ತುದಿಗೆ ಥಿಂಬಲ್ (ಲೋಹದ ಬಳೆ) ಒತ್ತಿ ಬೆಸುಗೆಯನ್ನೂ ಹಾಕಿದೆ. 30 ಆಂಪಿಯರಿನ ಹಳೆಯ ಅಮೀಟರ್ ಇದರ ಮುಂದೆ ನಿಲ್ಲುವುದಿಲ್ಲ, ಅದರ ಜಾಗಕ್ಕೆ ವೋಲ್ಟ್‌ಮೀಟರ್ ಕೂರಿಸಿದೆ. ಬಾಡಿ ಅರ್ಥಿಂಗ್‌ಗೆ ಬೇರೆಯೇ ವೈರು: ಆಲ್ಟರ್ನೇಟರ್ ಬೋಲ್ಟಿನಿಂದ ಬ್ಲಾಕಿಗೆ, ಬಣ್ಣ ಕೆರೆದು ಬಿಳಿ ಲೋಹ ಕಂಡ ಮೇಲೆ. ಬ್ರಾಕೆಟ್ಟಿನ ಬಣ್ಣದ ಮೇಲೆ ನಂಬಿಕೆ ಇಟ್ಟದ್ದಕ್ಕೆ ಮೊದಲು ಮುಕ್ಕಾಲು ವೋಲ್ಟ್ ಅಲ್ಲೇ ಕಳೆದುಹೋಗುತ್ತಿತ್ತು.

ಚಾರ್ಜಿಂಗ್ ಲೈಟು ಬರೀ ತೋರಿಕೆಗಲ್ಲ. ಚಾವಿಯಿಂದ ಬಲ್ಬು, ಬಲ್ಬಿನಿಂದ ಎಲ್ ಟರ್ಮಿನಲ್, ಕೆಲವದರ ಮೇಲೆ ಡಿ ಪ್ಲಸ್ ಎಂದಿರುತ್ತದೆ. ಆ ಬಲ್ಬಿನ ಕರೆಂಟಿನಿಂದಲೇ ಆಲ್ಟರ್ನೇಟರ್ ಎಚ್ಚರಾಗುವುದು. ಚೆಂದಕ್ಕೆ ಎಲ್ಇಡಿ ಹಾಕಿ ನೋಡಿದೆ. ಸ್ಟಾರ್ಟ್ ಆದ ಮೇಲೆ ರೇಸ್ ಜೋರಾಗಿ ಕೊಟ್ಟ ಹೊರತು ಚಾರ್ಜ್ ಹಿಡಿಯಲೇ ಇಲ್ಲ. 2.2 ವ್ಯಾಟಿನ ಹಳೆಯ ಬಲ್ಬು ಹಾಕಿದೆ, ಅದಕ್ಕೆ ಸಮಾನಾಂತರವಾಗಿ 68 ಓಮ್, 5 ವ್ಯಾಟಿನ ರೆಸಿಸ್ಟರ್ ಕೂಡ. ಬಲ್ಬು ಹೊಲದಲ್ಲಿ ಹೋದರೂ ಚಾರ್ಜ್ ನಿಲ್ಲುವುದಿಲ್ಲ.

ಅಳತೆ ನೆನಪಿನಿಂದ: ಐಡಲ್‌ನಲ್ಲಿ ಲೈಟಿಲ್ಲದೆ 14.1, ಎಲ್ಲ ಲೈಟು ಹಾಕಿದರೆ 13.6-13.7 ವೋಲ್ಟ್. ಬಿ ಪ್ಲಸ್ ಮತ್ತು ಬ್ಯಾಟರಿ ಪ್ಲಸ್ ನಡುವೆ ವ್ಯತ್ಯಾಸ 0.2ರ ಒಳಗೆ. ಸುಟ್ಟದ್ದನ್ನು, ಮುರಿದ ಪಟ್ಟಿಯನ್ನು, ಬೇಡದ ಪುಲ್ಲಿಯನ್ನು ಬಿಟ್ಟು ಲೆಕ್ಕ ಹಾಕಿದರೆ ಎಲ್ಲ ಸೇರಿ 3,300 ಸುಮಾರು. ಅವನ್ನೂ ಸೇರಿಸಿದರೆ ಐದೂವರೆ ಸಾವಿರದ ಹತ್ತಿರ.

ಹಳೆಯ ಮಾಲು ತರುವವರು ಡಯೋಡ್ ಸೋರಿಕೆ ನೋಡಿಕೊಳ್ಳಿ. ಚಾವಿ ಬಂದ್ ಮಾಡಿ, ಮೈನಸ್ ಕ್ಲಾಂಪ್ ತೆಗೆದು, ಕಂಬ ಮತ್ತು ಕ್ಲಾಂಪ್ ನಡುವೆ 5 ವ್ಯಾಟಿನ ಬಲ್ಬು ಹಿಡಿಯಿರಿ. ಕತ್ತಲಲ್ಲಿ ಬಲ್ಬಿನೊಳಗಿನ ತಂತಿ ಬರೀ ಕೆಂಪಗೆ ಕಂಡರೂ ಎಲ್ಲೋ ಕರೆಂಟ್ ಸೋರುತ್ತಿದೆ ಎಂದೇ ಅರ್ಥ, ಬಿ ಪ್ಲಸ್ ಬಿಚ್ಚಿ ಮತ್ತೆ ನೋಡಿ. ಆಗ ಆರಿದರೆ ಡಯೋಡ್ ಹೋಗಿದೆ, ಬೆಳಿಗ್ಗೆ ಬ್ಯಾಟರಿ ಇರುವುದಿಲ್ಲ. ಬಿ ಪ್ಲಸ್ ಅನ್ನು ಬಾಡಿಗೆ ತಾಕಿಸಿ ಕಿಡಿ ನೋಡುವ ಹಳೆಯ ಡೈನಮೊ ಚಾಳಿ ಇಲ್ಲಿ ಬೇಡ, ಗಾಡಿ ಓಡುವಾಗ ಬ್ಯಾಟರಿ ಬಿಚ್ಚಿ ಪರೀಕ್ಷಿಸುವುದೂ ಬೇಡ, ಎರಡರಿಂದಲೂ ಡಯೋಡ್ ಹೋಗುತ್ತದೆ.

ಧೂಳಿಗೆ ಬಟ್ಟೆ, ಗೋಣಿ ಸುತ್ತಿದರೆ ಗಾಳಿ ಸಿಗದೆ ಒಳಗೇ ಬೇಯುತ್ತದೆ. ಒಂದೂವರೆ ಇಂಚು ದೂರಕ್ಕೆ ತಗಡಿನ ಅರ್ಧ ಮರೆ ಕಟ್ಟಿ, ನೂರು ಗಂಟೆಗೊಮ್ಮೆ ಕಂಪ್ರೆಸರ್ ಗಾಳಿ ಹೊಡೆಯುತ್ತೇನೆ. ಆಲ್ಟರ್ನೇಟರಿನ ಬೆನ್ನಿಗಿರುವ, ಸುತ್ತಿನ ಸಂಕೇತ ಕೊಡುವ ಡಬ್ಲ್ಯು ಟರ್ಮಿನಲ್‌ಗೆ ಆರ್‌ಪಿಎಂ ಮೀಟರ್ ಜೋಡಿಸಿ ನೋಡಿದ್ದೇನೆ, ಮುಳ್ಳು ಏಳುತ್ತದೆ, ಲೆಕ್ಕ ಇನ್ನೂ ಹೊಂದಿಲ್ಲ. ಪುಲ್ಲಿಯ ಅಳತೆಗೆ ಅದನ್ನು ಸರಿಪಡಿಸುವುದು ಈ ಮಳೆಗಾಲದ ಕೆಲಸ.