ಮೂರು ಹಸಿರು ಕಾಣದೆ ಫ್ಲ್ಯಾಪ್ ಇಲ್ಲ: ಪೈಪರ್ ಆ್ಯರೋದಲ್ಲಿ ಗೇರ್ ಕಲಿಸುವ ನನ್ನ ಕ್ರಮ

ಜಕ್ಕೂರಿರಲಿ, ಫ್ಲೋರಿಡಾ ಇರಲಿ, ಸೆಸ್ನಾ 172ರಲ್ಲಿ ಕಲಿತು ಬಂದವರಿಗೆ "ಅಂಡರ್‌ಕ್ಯಾರೇಜ್ ಡೌನ್" ಅನ್ನುವುದು ಬಾಯಿಪಾಠ. ಆ ವಿಮಾನದ ಚಕ್ರ ಮೇಲೆ ಹೋಗುವುದೇ ಇಲ್ಲವಾದ್ದರಿಂದ ನೂರಾರು ಸಲ ನೋಡದೆಯೇ ಹೇಳಿರುತ್ತಾರೆ. ಚಕ್ರ ಮಡಚಿಕೊಳ್ಳುವ ಆ್ಯರೋಗೆ ಬಂದ ಮೇಲೂ ಅದೇ ಬಾಯಿ, ಗೇರ್ (ಇಳಿಯುವ ಚಕ್ರಗಳು) ಮೇಲಿದ್ದರೂ "ಡೌನ್" ಎನ್ನುತ್ತದೆ. ಮರೆತವನಿಗಾದರೂ ಒಂದು ಅನುಮಾನ ಉಳಿದಿರುತ್ತದೆ, ಬಾಯಿಪಾಠದವನಿಗೆ ಅದೂ ಇರುವುದಿಲ್ಲ.

ಅದಕ್ಕೇ ಮೊದಲ ಪಾಠದಲ್ಲೇ ಮಾತಿಗೆ ಕೈಯನ್ನು ಕಟ್ಟಿಹಾಕುತ್ತೇನೆ. ಡೌನ್‌ವಿಂಡ್‌ನಲ್ಲಿ, ಅಂದರೆ ರನ್‌ವೇ ಪಕ್ಕದಲ್ಲಿ ಇಳಿಯುವ ದಿಕ್ಕಿಗೆ ವಿರುದ್ಧವಾಗಿ ಹಾರುತ್ತಾ, ಇಳಿಯುವ ಜಾಗದ ನೇರಕ್ಕೆ ಬಂದಾಗ ಮ್ಯಾನಿಫೋಲ್ಡ್ ಪ್ರೆಷರ್ (ಎಂಜಿನ್ ಶಕ್ತಿಯ ಅಳತೆ) 17 ಇಂಚಿಗೆ ತರಬೇಕು. ವೇಗ 129 ನಾಟ್‌ಗಿಂತ ಕೆಳಗಿದೆಯೇ ಎಂದು ನೋಡಿ (ಆ್ಯರೋ 3ರಲ್ಲಿ ಗೇರ್ ಇಳಿಸುವ ಮಿತಿ ಅದು) ಲಿವರ್ ಕೆಳಗೆ. ಕೈ ಮಾತ್ರ ಲಿವರ್ ಮೇಲೇ ಇರಬೇಕು. ಹೈಡ್ರಾಲಿಕ್ ಪಂಪ್ ಚಕ್ರ ಇಳಿಸಲು ಸುಮಾರು 7 ಸೆಕೆಂಡ್ ತೆಗೆದುಕೊಳ್ಳುತ್ತದೆ, ಆ 7 ಸೆಕೆಂಡೂ ಬೇರೆ ಕೆಲಸವಿಲ್ಲ. ಚಕ್ರ ಇಳಿದು ಲಾಕ್ ಆದಾಗ ಹತ್ತುವ ಮೂರು ಹಸಿರು ದೀಪ ಕಂಡ ಮೇಲೆ ಒಂದೊಂದನ್ನೂ ಬೆರಳಿಟ್ಟು ಹೇಳಬೇಕು: ಎಡ, ಬಲ, ಮೂಗು. ಆಮೇಲಷ್ಟೇ ಫ್ಲ್ಯಾಪ್ (ನಿಧಾನವಾಗಿ ಇಳಿಯಲು ರೆಕ್ಕೆಯ ಹಿಂಬದಿಯಿಂದ ಕೆಳಗೆ ಬಾಗಿಸುವ ಭಾಗ). ರನ್‌ವೇ ಕಡೆಗೆ ತಿರುಗುವ ಬೇಸ್‌ನಲ್ಲಿ ಇನ್ನೊಮ್ಮೆ, ರನ್‌ವೇಗೆ ನೇರವಾಗುವ ಫೈನಲ್‌ನಲ್ಲಿ ಮತ್ತೊಮ್ಮೆ. ನೆಲದಿಂದ 300 ಅಡಿಗೆ ಬಂದಾಗ ಮೂರು ಹಸಿರು ಕಾಣದಿದ್ದರೆ ಗೋ-ಅರೌಂಡ್, ಅಂದರೆ ಇಳಿಯದೆ ಮತ್ತೆ ಏರುವುದು; ಯಾಕೆ ಎಂಬ ಚರ್ಚೆ ಮೇಲೇರಿದ ಮೇಲೆ. ಕಲಿಸುವವನೂ ತನ್ನ ಪಾಲಿಗೆ ಬೇರೆಯಾಗಿ ನೋಡಿ, ಬೇರೆಯಾಗಿ ಹೇಳಬೇಕು. ಇಬ್ಬರಿರುವ ವಿಮಾನ ಹೊಟ್ಟೆ ಉಜ್ಜುವುದು ಹೆಚ್ಚಾಗಿ "ಅವನು ನೋಡಿರುತ್ತಾನೆ" ಎಂಬ ನಂಬಿಕೆಯಿಂದ.

ವಿಮಾನವೇ ಸುಳಿವು ಕೊಡುತ್ತದೆ. ಗೇರ್ ಇಳಿದಿದ್ದರೆ ಅದೇ 17 ಇಂಚಿಗೆ ವೇಗ ತಾನಾಗಿ ಇಳಿಯುತ್ತದೆ. ವೇಗ ಇಳಿಯುತ್ತಿಲ್ಲ, ವಿಮಾನ ಜಾರುತ್ತಲೇ ಇದೆ ಎಂದರೆ ಥ್ರಾಟಲ್ ಎಳೆಯುವ ಮೊದಲು ದೀಪ ನೋಡಿ.

ಗೇರ್ ಇಳಿಸದಿದ್ದರೆ ಎಚ್ಚರಿಸಲು ಹಾರ್ನ್ ಇದೆಯಲ್ಲ ಎನ್ನುವವರು ಬಹಳ. ಆ್ಯರೋದ ಗೇರ್ ಹಾರ್ನ್ ಕೂಗುವುದು ಪ್ರೆಷರ್ ಸುಮಾರು 14 ಇಂಚಿಗಿಂತ ಕೆಳಗೆ ಹೋದಾಗ. 16-17 ಇಂಚಿನಲ್ಲೇ ಫೈನಲ್ ಬಂದವರಿಗೆ ಅದು ಕೇಳುವುದು ರನ್‌ವೇ ಮೇಲೆ ಥ್ರಾಟಲ್ ಎಳೆದಾಗ, ಅಂದರೆ ತೀರಾ ತಡವಾಗಿ. ಸ್ಟಾಲ್ ಹಾರ್ನ್ (ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವ ಮುನ್ನ ಎಚ್ಚರಿಸುವುದು) ಎಡೆಬಿಡದೆ ಕೂಗುತ್ತದೆ, ಗೇರ್ ಹಾರ್ನ್ ಬಿಟ್ಟುಬಿಟ್ಟು ಬಡಿಯುತ್ತದೆ. ಆದರೆ ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಸೆಟ್‌ನೊಳಗಿರುವ, ಇಳಿಯುವ ಗಡಿಬಿಡಿಯಲ್ಲಿರುವ ವಿದ್ಯಾರ್ಥಿಗೆ ಎರಡೂ ಒಂದೇ ಗದ್ದಲ.

ಇದನ್ನು ಇನ್ನಷ್ಟು ಕೆಡಿಸುವುದು ನಾವೇ. ಎಂಜಿನ್ ನಿಂತಂತೆ ಅಭ್ಯಾಸ ಮಾಡಿಸಲು ಥ್ರಾಟಲ್ ಪೂರ್ತಿ ಎಳೆಯುತ್ತೇವೆ. ಗ್ಲೈಡ್ ಉಳಿಸಿಕೊಳ್ಳಲು ಗೇರ್ ಮೇಲೇ ಇಟ್ಟಿರುತ್ತೇವೆ, ಹಾರ್ನ್ ಒಂದೇ ಸಮ ಬಡಿಯುತ್ತಿರುತ್ತದೆ. ನಾಲ್ಕು ಪಾಠ ಮುಗಿಯುವಷ್ಟರಲ್ಲಿ ಕಿವಿ ಅದನ್ನು ಫ್ಯಾನಿನ ಸದ್ದಿನ ಹಾಗೆ ಮರೆತಿರುತ್ತದೆ. ಕಿರಿಕಿರಿ ಎಂದು ಸರ್ಕ್ಯೂಟ್ ಬ್ರೇಕರ್ ಎಳೆದಿಡುವುದು ಶುದ್ಧ ದಡ್ಡತನ. ನಾನು ಮಾಡಿಸುವುದು ಇಷ್ಟು: ಹಾರ್ನ್ ಕೇಳಿದ ಕೂಡಲೇ "ಹಾರ್ನ್, ಗೇರ್ ಮೇಲಿದೆ, ರನ್‌ವೇ ಸಿಕ್ಕೇ ಸಿಗುತ್ತದೆ ಎಂದಾದಾಗ ಇಳಿಸುತ್ತೇನೆ" ಎಂದು ಗಟ್ಟಿಯಾಗಿ ಹೇಳಬೇಕು. 300 ಅಡಿಯ ನಿಯಮ ಇಲ್ಲಿಯೂ ಸಡಿಲವಿಲ್ಲ.

ಹಳೆಯ ಆ್ಯರೋಗಳಲ್ಲಿ ವೇಗ ತಗ್ಗಿದಾಗ ಗೇರ್ ತಾನೇ ಇಳಿಯುವ ಏರ್ಪಾಡಿತ್ತು. ಈಗ ಎಷ್ಟೋ ವಿಮಾನಗಳಲ್ಲಿ ಅದನ್ನು ತೆಗೆದಿದ್ದಾರೆ. ಅದನ್ನು ನೆಚ್ಚಿಕೊಂಡು ಕಲಿಯಬೇಡಿ.

ಕ್ರಮ ತಪ್ಪುವುದು ಯಾವಾಗಲೂ ನಡುವೆ ಯಾರಾದರೂ ಬಾಯಿ ಹಾಕಿದಾಗ: ಟವರ್ "ಡೌನ್‌ವಿಂಡ್ ಉದ್ದ ಮಾಡಿ" ಎನ್ನುತ್ತದೆ, ಮುಂದಿನ ವಿಮಾನವನ್ನು ಹುಡುಕಬೇಕಾಗುತ್ತದೆ, ಇಲ್ಲವೇ ಗೋ-ಅರೌಂಡ್ ಮಾಡಿ ಚಿಕ್ಕ ಸರ್ಕ್ಯೂಟ್‌ನಲ್ಲಿ ವಾಪಸ್ ಬರುತ್ತಾರೆ. ಚೆಕ್ ಅರ್ಧಕ್ಕೆ ನಿಂತರೆ ನಿಂತಲ್ಲಿಂದ ಮುಂದುವರಿಸುವ ಹಾಗಿಲ್ಲ, ಮೊದಲಿನಿಂದ.

ಟಚ್ ಆ್ಯಂಡ್ ಗೋ (ಇಳಿದು ನಿಲ್ಲದೆ ಮತ್ತೆ ಏರುವುದು) ನಾನು ಮಾಡಿಸುವುದಿಲ್ಲ. ಎಡ ಚಕ್ರದ ಸ್ಕ್ವಾಟ್ ಸ್ವಿಚ್ ನೆಲದ ಮೇಲೆ ಗೇರ್ ಮಡಚದಂತೆ ತಡೆಯುತ್ತದೆ, ನಿಜ. ಆದರೆ ಓಟದಲ್ಲಿ ರೆಕ್ಕೆ ಇನ್ನೂ ಭಾರ ಹೊತ್ತಿದ್ದರೆ ಸ್ಟ್ರಟ್ (ಚಕ್ರದ ಕಾಲು) ಹಿಗ್ಗಿಯೇ ಇರುತ್ತದೆ, ಸ್ವಿಚ್ ಪ್ರಕಾರ ವಿಮಾನ ಗಾಳಿಯಲ್ಲಿದೆ. ಹಳೆಯ ಬೊನಾಂಜಾ ವಿಮಾನಗಳಲ್ಲಿ ಗೇರ್ ಮತ್ತು ಫ್ಲ್ಯಾಪ್ ಸ್ವಿಚ್‌ಗಳ ಜಾಗ ಬೇರೆ ವಿಮಾನಗಳಿಗೆ ಹೋಲಿಸಿದರೆ ಅದಲುಬದಲು. ಫ್ಲ್ಯಾಪ್ ಎಂದುಕೊಂಡು ಗೇರ್ ಎತ್ತಿದರೆ ಮುಗಿಯಿತು. ರನ್‌ವೇ ಬಿಟ್ಟು ನಿಲ್ಲುವವರೆಗೆ ಯಾವ ಗುಂಡಿಯನ್ನೂ ಮುಟ್ಟಬಾರದು.

ಹಸಿರು ಬರದಿದ್ದರೆ ಗಾಬರಿಗೆ ಮುನ್ನ ಪ್ಯಾನೆಲ್ ದೀಪ ನೋಡಿ. ಅದು ಆನ್ ಆಗಿದ್ದರೆ ಗೇರ್ ದೀಪಗಳೂ ಮಂಕಾಗುತ್ತವೆ, ಹಗಲು ಬೆಳಕಿನಲ್ಲಿ ಆರಿದಂತೆಯೇ ಕಾಣುತ್ತವೆ. ಮಾಸ್ಟರ್ (ವಿದ್ಯುತ್ತಿನ ಮುಖ್ಯ ಸ್ವಿಚ್), ಬ್ರೇಕರ್ ನೋಡಿ, ಹತ್ತದ ಬಲ್ಬಿನ ಜಾಗಕ್ಕೆ ಹತ್ತಿದ್ದನ್ನು ಹಾಕಿ ನೋಡಿ. ಆಗಲೂ ಇಲ್ಲವೆಂದರೆ ವೇಗ 87 ನಾಟ್‌ಗಿಂತ ಕೆಳಗೆ ತಂದು, ಗೇರ್ ಲಿವರ್ ಡೌನ್‌ನಲ್ಲಿಟ್ಟು, ಎಮರ್ಜೆನ್ಸಿ ಲಿವರ್ ಒತ್ತಿಹಿಡಿಯಿರಿ. ಒತ್ತಡ ಬಿಟ್ಟು ಚಕ್ರ ತನ್ನ ಭಾರಕ್ಕೇ ಬೀಳುತ್ತದೆ. ಲಾಕ್ ಆಗದಿದ್ದರೆ ರಡ್ಡರ್‌ನಿಂದ ಬಾಲವನ್ನು ಎಡಬಲಕ್ಕೆ ಆಡಿಸಿ.

ಪ್ರೊಪೆಲ್ಲರ್ ನೆಲಕ್ಕೆ ತಾಗಿದ ಸದ್ದು ಕೇಳಿದ ಮೇಲೆ ಮೇಲೇರಲು ಹೋಗಲೇಬೇಡಿ. 2020ರ ಮೇ 22ರಂದು ಕರಾಚಿಯಲ್ಲಿ ಚಕ್ರ ಇಳಿಸದ ಏರ್‌ಬಸ್ ಎ320 ಎರಡೂ ಎಂಜಿನ್‌ಗಳನ್ನು ರನ್‌ವೇಗೆ ಉಜ್ಜಿ ಮತ್ತೆ ಏರಿತು. ಎರಡೂ ಎಂಜಿನ್ ನಿಂತು, ವಿಮಾನದಲ್ಲಿದ್ದವರಲ್ಲಿ 97 ಮಂದಿ ಸತ್ತರು. ಸಣ್ಣ ವಿಮಾನದಲ್ಲಾದರೆ ನೇರಕ್ಕೆ ಜಾರಲು ಬಿಟ್ಟು ಮಿಕ್ಸ್ಚರ್ (ಎಂಜಿನ್ನಿಗೆ ಹೋಗುವ ಇಂಧನ-ಗಾಳಿಯ ಹದ) ಕಟ್, ಇಂಧನ ಆಫ್, ಮಾಸ್ಟರ್ ಆಫ್, ನಿಂತ ಕೂಡಲೇ ಹೊರಗೆ. ಬ್ಲೇಡು ಬದಲಿಸಿ ಮರುದಿನ ಹಾರಿಸುವ ಮಾತೂ ಬೇಡ: ಲೈಕಮಿಂಗ್ ಎಂಜಿನ್‌ಗೆ ಏರ್‌ವರ್ದಿನೆಸ್ ಡೈರೆಕ್ಟಿವ್ (ಕಡ್ಡಾಯ ಸುರಕ್ಷತಾ ಆದೇಶ) 2004-10-14ರ ಪ್ರಕಾರ ಹಿಂಬದಿಯ ಕ್ರ್ಯಾಂಕ್‌ಶಾಫ್ಟ್ ಗೇರ್ (ಎಂಜಿನ್ನಿನೊಳಗಿನ ಹಲ್ಲುಚಕ್ರ) ಬಿಚ್ಚಿ ನೋಡಲೇಬೇಕು, ಅದರ ಬೋಲ್ಟನ್ನು ಹೊಸದು ಹಾಕಲೇಬೇಕು.