ದಸರೆ ಟೀಪಾಯಿಗೆ ಚೂರುಬಟ್ಟೆಯ ಪುಟ್ಟ ಕೌದಿ

ನವರಾತ್ರಿ ಬಂತೆಂದರೆ ಮನೆಗೆ ಬ್ಲೌಸ್ ಪೀಸುಗಳ ಸುಗ್ಗಿ. ಅರಿಶಿನ ಕುಂಕುಮಕ್ಕೆ ಹೋದ ಮನೆಯಿಂದೆಲ್ಲ ಒಂದೊಂದು ಬರುತ್ತದೆ. ಹೊಲಿಸಿಕೊಳ್ಳುವುದು ಒಂದೋ ಎರಡೋ, ಉಳಿದದ್ದು ಮುಂದಿನ ವರ್ಷ ಇನ್ಯಾರದೋ ಮಡಿಲಿಗೆ. ಕೆಲವು ಪೀಸುಗಳು ಹೀಗೆ ಬೀದಿಯೆಲ್ಲ ಸುತ್ತಿ ಕೊಟ್ಟವರ ಕೈಗೇ ವಾಪಸ್ ಬರುವುದೂ ಉಂಟು! ಇವುಗಳ ಜೊತೆ ಟೈಲರ್ ಕೊಟ್ಟ ಚೂರುಗಳು, ಒಡಲು ಹರಿದು ಅಂಚು ಮಾತ್ರ ಗಟ್ಟಿ ಉಳಿದ ಇಳಕಲ್ ಸೀರೆ, ಗುಳೇದಗುಡ್ಡ ಖಣದ ತುಂಡು ಇದ್ದರೆ ಸಾಕು. ಗೊಂಬೆ ನೋಡಲು ಬಂದವರ ಮುಂದಿನ ಟೀಪಾಯಿಗೆ ಚೆಂದದ ಒಂದು ಕೌದಿ ಆಗುತ್ತದೆ.

ಬಟ್ಟೆ ಆರಿಸುವಾಗ ಬಹಳ ಜನ ಬಣ್ಣ ನೋಡುತ್ತಾರೆ. ನಾನು ಹೇಳುವುದು, ಮೊದಲು ಬಟ್ಟೆಯ ಗುಣ ನೋಡಿ. ಬಣ್ಣ ಹೇಗೋ ಹೊಂದಿಕೊಳ್ಳುತ್ತದೆ, ಕೌದಿಯಲ್ಲಿ ಹೊಂದದ ಬಣ್ಣ ಅಂತಲೇ ಇಲ್ಲ. ಆದರೆ ಕಾಟನ್ ಪಕ್ಕದಲ್ಲಿ ಪಾಲಿಯೆಸ್ಟರ್ ಇಟ್ಟರೆ ಒಗೆದ ಮೇಲೆ ಒಂದು ಕುಗ್ಗಿ ಇನ್ನೊಂದು ಉಬ್ಬುತ್ತದೆ. ಯಾವುದು ಯಾವುದು ಎಂದು ಗೊತ್ತಾಗದಿದ್ದರೆ ಅಂಚಿನಿಂದ ಒಂದು ಎಳೆ ತೆಗೆದು, ಇಕ್ಕಳದಲ್ಲಿ ಹಿಡಿದು ಬೆಂಕಿ ತಾಗಿಸಿ. ಕಾಟನ್ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಅದನ್ನು ಪಕ್ಕಕ್ಕಿಡಿ. ಜರಿ ಇರುವ ತುಂಡುಗಳನ್ನು ಅಂಚಿನ ಕಡೆ ಬಳಸಿ, ನಡುವೆ ಬೇಡ. ಲೋಟ ತಟ್ಟೆ ಉಜ್ಜಿ ಉಜ್ಜಿ ಜರಿ ಏಳುತ್ತದೆ.

ಇನ್ನು ಬಣ್ಣ ಬಿಡುವ ವಿಷಯ. ಕೆಂಪು, ಮರೂನ್, ಕಡುನೀಲಿ ಇವು ಮೂರನ್ನೂ ನಂಬಬೇಡಿ. ತುಂಡನ್ನು ಒದ್ದೆ ಮಾಡಿ ಬಿಳಿ ಬಟ್ಟೆಯ ಮೇಲಿಟ್ಟು ಇಸ್ತ್ರಿ ಒತ್ತಿ ನೋಡಿ. ಬಿಳಿ ಬಟ್ಟೆಗೆ ಬಣ್ಣ ಹತ್ತಿದರೆ ಬಿಟ್ಟುಬಿಡಿ. ಉಪ್ಪುನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಅನ್ನುತ್ತಾರಲ್ಲ, ಬಿಡುವ ಬಣ್ಣ ಉಪ್ಪಿಗೆಲ್ಲ ಹೆದರುವುದಿಲ್ಲ. ಬಾಕಿ ತುಂಡುಗಳನ್ನು ಒಗೆದು, ಗಂಜಿ ಬಿಡಿಸಿ, ಇಸ್ತ್ರಿ ಹಾಕಿಯೇ ಕತ್ತರಿ ಹಿಡಿಯಿರಿ. ಖಣದ ಎಳೆ ಬೇಗ ಬಿಚ್ಚಿಕೊಳ್ಳುತ್ತದೆ, ಅದನ್ನು ಕಾಲಿಂಚು ಜಾಸ್ತಿಯೇ ಬಿಟ್ಟು ಕತ್ತರಿಸಿ.

ಒಳಪದರಕ್ಕೆ ಅಂಗಡಿಯಲ್ಲಿ ಸಿಗುವ ದಪ್ಪ ಸ್ಪಂಜಿನಂಥ ಹಾಳೆ ತರಬೇಡಿ. ಹಾಸು ಉಬ್ಬಿ, ಲೋಟ ನೆಟ್ಟಗೆ ನಿಲ್ಲುವುದಿಲ್ಲ. ಒಗೆದು ಒಗೆದು ಮೆತ್ತಗಾದ ಹಳೇ ಪಂಚೆ ಎರಡು ಪದರ ಹಾಕಿದರೆ ಸಾಕು, ಸೂಜಿಯೂ ಸರಾಗವಾಗಿ ಇಳಿಯುತ್ತದೆ.

ಹೊಲಿಯುವ ಕ್ರಮ ನಾನು ಹೇಳುವುದು ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಣ್ಣುಮಕ್ಕಳದ್ದು. ಅವರು ತುಂಡುಗಳನ್ನು ಮೊದಲೇ ಜೋಡಿಸಿಕೊಳ್ಳುವುದಿಲ್ಲ. ಅಂಚಿನಿಂದ ಶುರು ಮಾಡಿ, ಒಂದೊಂದೇ ತುಂಡು ಇಡುತ್ತಾ, ಸುತ್ತು ಬರುತ್ತಾ ನಡುವಿಗೆ ಬರುತ್ತಾರೆ. ಚೂರುಬಟ್ಟೆಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಅಳತೆ ಒಂದೇ ಇರಬೇಕಿಲ್ಲ, ಅಂಚುಪಟ್ಟಿ ಬೇರೆ ಕಟ್ಟಬೇಕಿಲ್ಲ, ಮೆಷಿನ್ನೂ ಬೇಡ.

24 ಇಂಚು ಚೌಕದ ಹಾಸು ಬೇಕೆಂದುಕೊಳ್ಳಿ. ಅಡಿಬಟ್ಟೆ 26 ಇಂಚು ಕತ್ತರಿಸಿ, ಪಂಚೆ 25 ಇಂಚು. ಕೈಹೊಲಿಗೆ ಬಿದ್ದಂತೆ ಬಟ್ಟೆ ಸುಮಾರು ಒಂದಿಂಚು ಎಳೆದುಕೊಳ್ಳುತ್ತದೆ, ಅದಕ್ಕೇ ಈ ಲೆಕ್ಕ. ಅಡಿಬಟ್ಟೆಯನ್ನು ಒಳಮೈ ಮೇಲೆ ಬರುವಂತೆ ನೆಲದ ಮೇಲೆ ಹಾಸಿ. ಪಂಚೆಯನ್ನು ನಡುವೆ ಇಟ್ಟು, ಅಡಿಬಟ್ಟೆಯ ಅಂಚನ್ನು ಸುತ್ತಲೂ ಅರ್ಧ ಇಂಚು ಅದರ ಮೇಲೆ ಮಡಚಿ ಕಚ್ಚಾ ಹೊಲಿಗೆ ಹಾಕಿ. ಈಗ ಮೂಲೆಯಲ್ಲಿ ಮೊದಲ ತುಂಡು. ಅದರ ಹೊರಗಿನ ಎರಡು ಅಂಚು ಒಳಗೆ ಮಡಚಿ, ಅಡಿಬಟ್ಟೆಯ ಅಂಚಿಗೆ ಸರಿಯಾಗಿ ಕೂರಿಸಿ ಹೊಲಿಯುತ್ತಾ ಹೋಗಿ. ತುಂಡು ಮುಗಿಯುವ ಮುಂಚೆ ಇನ್ನೊಂದನ್ನು ತಗೊಳ್ಳಿ. ಅದರ ಅಂಚನ್ನು ಕಾಲಿಂಚು ಮಡಚಿ, ಹಿಂದಿನದರ ಮೇಲೆ ಅರ್ಧ ಇಂಚು ಏರಿಸಿ. ಸೂಜಿ ನಿಲ್ಲಿಸುವುದೇ ಬೇಡ, ಅದೇ ದಾರದಲ್ಲಿ ಮುಂದೆ ಹೋಗಿ. ಒಂದು ಸುತ್ತಾದ ಮೇಲೆ ಅರ್ಧ ಇಂಚು ಒಳಗೆ ಇನ್ನೊಂದು ಸುತ್ತು. ಪ್ರತಿ ಸಲ ಅಂಗೈಯಿಂದ ಬಟ್ಟೆಯನ್ನು ನಡುವಿನ ಕಡೆಗೆ ಸವರಿ. ಹಾಗೆ ಮಾಡದಿದ್ದರೆ ಕೊನೆಗೆ ನಡುವೆ ಗುಳ್ಳೆ ಏಳುತ್ತದೆ, ಆಗ ಬಿಚ್ಚುವುದು ಬಿಟ್ಟರೆ ಬೇರೆ ಉಪಾಯ ಇಲ್ಲ. ನಡುವಿನ ಕೊನೆಯ ತುಂಡನ್ನು ನಾಲ್ಕೂ ಕಡೆ ಮಡಚಿ ಮುಚ್ಚಿ.

ದಾರ ಕಾಟನ್ನಿನದೇ ಇರಲಿ, ಬಿಳಿಯದಾದರೆ ಹೊಲಿಗೆ ಎದ್ದು ಕಾಣುತ್ತದೆ. ಒಂದೂವರೆ ಮೊಳಕ್ಕಿಂತ ಉದ್ದ ಬೇಡ, ಸಿಕ್ಕಾಗುತ್ತದೆ. ಹೊಲಿಗೆ ಡೊಂಕಾದರೆ ಚಿಂತೆ ಮಾಡಬೇಡಿ. ಕೌದಿ ಅಂದ ಮೇಲೆ ಸ್ವಲ್ಪ ಡೊಂಕು ಇರಬೇಕು.

ಮೂಲೆಗಳಿಗೆ ಸಿದ್ದಿಯರು ಹೂವು ಇಡುತ್ತಾರೆ. ಫುಲ ಅಂತಾರೆ ಅದಕ್ಕೆ. ಅದಿಲ್ಲದ ಕೌದಿ ಅವರ ಲೆಕ್ಕದಲ್ಲಿ ಬರಿಮೈಯ ಕೌದಿ. ಎರಡಿಂಚಿನ ಚೌಕವನ್ನು ಮೂಲೆಯಿಂದ ಮೂಲೆಗೆ ಮಡಚಿ ತ್ರಿಕೋನ ಮಾಡಿ, ಮತ್ತೊಮ್ಮೆ ಮಡಚಿ. ಇಂಥವು ಎರಡು ಮೂರು ಬಣ್ಣದ್ದು ಒಂದರ ಮೇಲೊಂದು ಇಟ್ಟು, ಕತ್ತರಿಸಿದ ಅಂಚು ಮೂಲೆಯ ತುಂಡಿನ ಕೆಳಗೆ ಹೋಗುವಂತೆ, ಆ ತುಂಡು ಕೂರಿಸುವಾಗಲೇ ಸಿಕ್ಕಿಸಿ ಹೊಲಿಯಿರಿ. ತುದಿ ಮಾತ್ರ ಹೊರಗೆ ಇಣುಕಬೇಕು.

ಗಣಪತಿಯನ್ನು ನೀರಿಗೆ ಬಿಟ್ಟ ಮೇಲೆ ಶುರು ಮಾಡಿದರೆ ಆರಾಮಾಗಿ ಮುಗಿಯುತ್ತದೆ. ಪಿತೃಪಕ್ಷದಲ್ಲಿ ಹೊಸ ಕೆಲಸ ಹಿಡಿಯಬಾರದು ಅನ್ನುವ ಮನೆಯವರು ಅದಕ್ಕೆ ಮೊದಲೇ ಒಂದು ಸುತ್ತು ಹೊಲಿದಿಟ್ಟುಕೊಳ್ಳಿ. ಏನೇ ಆದರೂ ಆಯುಧಪೂಜೆಯ ತನಕ ಎಳೆಯಬೇಡಿ. ಅವತ್ತು ಸೂಜಿ, ಕತ್ತರಿ, ಮೆಷಿನ್ ಎಲ್ಲ ಪೂಜೆಗೆ ಕೂತಿರುತ್ತವೆ, ಮುಟ್ಟುವ ಹಾಗಿಲ್ಲ.

ಹಬ್ಬದಲ್ಲಿ ಕಲೆ ಆಗಿಯೇ ಆಗುತ್ತದೆ. ಕುಂಕುಮ ಚೆಲ್ಲಿದರೆ ಒದ್ದೆ ಕೈಯಲ್ಲಿ ಒರೆಸಬೇಡಿ, ಹೊರಗೆ ಒಯ್ದು ಕೊಡವಿ. ಉಸಲಿಯ ಎಣ್ಣೆ ಬಿದ್ದರೆ ಮೇಲೆ ಕಡಲೆಹಿಟ್ಟು ಉದುರಿಸಿ, ಸ್ವಲ್ಪ ಹೊತ್ತು ಬಿಟ್ಟು ಕೊಡವಿ, ಆಮೇಲೆ ಸೋಪು. ಅರಿಶಿನದ ಕಲೆಗೆ ಸೋಪು ಹಚ್ಚಿದ ಕೂಡಲೇ ಕೆಂಪಾಗುತ್ತದೆ, ಗಾಬರಿ ಆಗಬೇಡಿ. ಜಾಲಿಸಿ, ಆ ಜಾಗಕ್ಕೆ ಮಾತ್ರ ಬಿಸಿಲು ಬೀಳುವಂತೆ ಒಣಗಿಸಿ, ತಾನಾಗಿ ಮಾಸುತ್ತದೆ. ಉಳಿದಂತೆ ಈ ಹಾಸನ್ನು ಹಿಂಡದೆ, ನೆರಳಿನಲ್ಲಿ ಹರಡಿ ಒಣಗಿಸಬೇಕು. ಬನ್ನಿ ಕೊಟ್ಟು ತಗೊಂಡು ಹಬ್ಬ ಮುಗಿದ ಮೇಲೆ ಹಳೇ ದಿಂಬಿನ ಚೀಲದಲ್ಲಿ ಸುತ್ತಿ, ನಾಲ್ಕು ಲವಂಗ ಹಾಕಿ ಬೀರುವಿನಲ್ಲಿಡಿ. ಪ್ಲಾಸ್ಟಿಕ್ ಕವರ್ ಬೇಡ, ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ.